ಬಿದ್ದು ಮಣಿಕಟ್ಟು ಊದಿತೇ? ಎಕ್ಸ್‌ರೇ ‘ನಾರ್ಮಲ್’ ಅಂದರೂ ಕೈ ಬಿಡಬೇಡಿ

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಸುಗ್ಗಿ ಬಂತೆಂದರೆ ನೆಲವೆಲ್ಲ ಹಣ್ಣಿನ ರಸ. ಕಾಲು ಜಾರಿದರೆ ಕೈ ತಾನಾಗಿಯೇ ಮುಂದಕ್ಕೆ ಚಾಚುತ್ತದೆ, ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಎರಡು ವರ್ಷದ ಹಿಂದೆ ನಾನು ಬಿದ್ದದ್ದೂ ಹಾಗೆಯೇ.

ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಊತ ಏರಿದ ಮೇಲೆ ಉಂಗುರ ಕತ್ತರಿಸಬೇಕಾದೀತು. ರಟ್ಟಿನ ತುಂಡು ಆಸರೆ ಕೊಟ್ಟು ಬಟ್ಟೆ ಸುತ್ತಿ. ಎಣ್ಣೆ ಹಚ್ಚಿ ನೀವಬೇಡಿ. ನಮ್ಮ ಕಡೆ ಸೀದಾ ಪುತ್ತೂರು ಕಟ್ಟಿಗೆ, ಅಂದರೆ ಮುರಿದ ಮೂಳೆಗೆ ಹಾಕುವ ನಾಟಿ ಕಟ್ಟಿಗೆ, ಹೊರಡುವವರೇ ಜಾಸ್ತಿ, ಅಲ್ವಾ? ಒಳಗೆ ಏನಾಗಿದೆಯೆಂದು ನೋಡದೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ಕೈ ಸೊಟ್ಟಗಾಗಿದ್ದರೆ, ಬೆರಳು ಜೋಮು ಹಿಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಅದರ ಬುಡದಲ್ಲಿ ಎರಡು ನರದಂಥ ಗೆರೆಗಳು ಎದ್ದು, ನಡುವೆ ಸಣ್ಣ ಗುಳಿ ಬೀಳುತ್ತದೆ. ಅಲ್ಲಿ ಮೆತ್ತಗೆ ಒತ್ತಿ. ನೋವು ಚುರುಕ್ಕೆಂದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮಣಿಕಟ್ಟಿನ 8 ಪುಟ್ಟ ಮೂಳೆಗಳಲ್ಲಿ ಗೋಡಂಬಿ ಆಕಾರದ ಸ್ಕೇಫಾಯ್ಡ್ ಇರುವುದು ಆ ಗುಳಿಯ ಕೆಳಗೇ.

ಎಕ್ಸ್‌ರೇಯನ್ನು ನೇರವಾಗಿ, ಪಕ್ಕದಿಂದ, ಓರೆಯಾಗಿ ತೆಗೆಯುತ್ತಾರೆ. ಗುಳಿಯಲ್ಲಿ ನೋವಿದ್ದರೆ ಇನ್ನೊಂದು ಬೇಕು: ಕೈಯನ್ನು ಕಿರುಬೆರಳ ಕಡೆಗೆ ವಾಲಿಸಿ ತೆಗೆಯುವ ‘ಸ್ಕೇಫಾಯ್ಡ್ ವ್ಯೂ’. ಚೀಟಿಯಲ್ಲಿ ಬರೆದಿದ್ದಾರೆಯೇ ನೋಡಿಕೊಳ್ಳಿ. ಬಸುರಿಯರು ಮೊದಲೇ ತಿಳಿಸಬೇಕು.

ನನ್ನ ಫಿಲಂನಲ್ಲಿ ಏನೂ ಕಾಣಲಿಲ್ಲ. ‘ಉಳುಕಷ್ಟೇ’ ಅಂದರು, ನಂಬಿ ಮನೆಗೆ ಬಂದೆ. ಮೂರು ವಾರ ಕಳೆದರೂ ಮುದ್ದೆ ತಿರುವಲು ಆಗಲಿಲ್ಲ. ಮತ್ತೆ ಎಕ್ಸ್‌ರೇ ತೆಗೆಸಿದಾಗ ಬಿರುಕಿನ ಗೆರೆ ಎದ್ದು ಕಾಣುತ್ತಿತ್ತು. ಮೂಳೆ ಜರುಗದೆ ಬರೀ ಬಿರುಕು ಬಿಟ್ಟಿದ್ದರೆ ಮೊದಲ ದಿನ ಎಕ್ಸ್‌ರೇಗೆ ಸಿಗದಿರಬಹುದು. ದಿನ ಕಳೆದಂತೆ ಬಿರುಕಿನ ಅಂಚು ಕರಗಿ ಗೆರೆ ಅಗಲವಾಗುತ್ತದೆ. ಅದಕ್ಕೇ ಗುಳಿಯಲ್ಲಿ ನೋವಿದ್ದರೆ, ಫಿಲಂ ಚೆನ್ನಾಗಿದ್ದರೂ, ಹೆಬ್ಬೆರಳು ಅಲುಗದಂತೆ ಪಟ್ಟಿ ಹಾಕಿ 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ತೆಗೆಯುವುದು ವಾಡಿಕೆ. ಸುಮ್ನೆ ಬಿಟ್ಟರೆ ಅಪಾಯ. ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯಿಂದ. ಮುರಿದರೆ ಮೊಣಕೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು.

ಅಷ್ಟು ದಿನ ಕಾಯಲು ಆಗದಿದ್ದರೆ ಎಂಆರ್‌ಐ ಬಗ್ಗೆ ಕೇಳಿ. ಎಕ್ಸ್‌ರೇಗೆ ಸಿಗದ ಬಿರುಕು ಅದರಲ್ಲಿ ಸಿಗುತ್ತದೆ, ಹರಿದ ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುವ ಪಟ್ಟಿ) ಕೂಡ. ವಿಕಿರಣವಿಲ್ಲ, ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ಹೇಳಿ. ತುಂಡುಗಳು ಎಷ್ಟು ಜರುಗಿವೆ ಎಂದು ನೋಡಲು ಸಿಟಿ ಸ್ಕ್ಯಾನ್.

ಎರಡನೇ ಸಲ ಹೋಗುವಾಗ ಹಳೇ ಫಿಲಂ ಮರೆಯಬೇಡಿ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾರೆ.