ಎಡಕ್ಕೆ ವಾಲುತ್ತಿದ್ದ ನನ್ನ ಹಳೆಯ ಕಾರು

ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ನಿಲ್ಲಿಸಿ, ಇಳಿದು, ಎದುರಿನಿಂದ ನೋಡಿದರೆ ಎಡಗಡೆಗೆ ವಾಲಿಕೊಂಡು ನಿಂತಿರುತ್ತಿತ್ತು. ಬಲ ಚಕ್ರದ ಮೇಲೆ ಮೂರು ಬೆರಳು ತೂರಿದರೆ ಎಡಗಡೆ ಎರಡೇ. ಎಡ ಮುಂದಿನ ಸ್ಪ್ರಿಂಗ್ ಕೂತುಹೋಗಿದೆ ಅಂದುಕೊಂಡು ಮುಂದಿನ ಎರಡೂ ಕಾಯಿಲ್ ಸ್ಪ್ರಿಂಗ್ ಬದಲಾಯಿಸಿದೆ. ಕಾರಿನ ಮೂತಿ ಸ್ವಲ್ಪ ಎತ್ತರವಾಯಿತು, ವಾಲು ಮಾತ್ರ ಹಾಗೇ ಉಳಿಯಿತು. ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅಂದವರೂ ಇದ್ದರು. ಆದರೆ ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಮಾಡುವುದು ಅದರ ಕುಣಿತ ತಡೆಯುವ ಕೆಲಸ. ಹಾಗಾಗಿ ಆ ಕಡೆ ಹೋಗಲಿಲ್ಲ. ಇನ್ನು ಅಳತೆ ಮಾಡದೆ ಯಾವ ಬೋಲ್ಟಿಗೂ ಕೈ ಹಾಕಬಾರದು ಅಂತ ತೀರ್ಮಾನಿಸಿದೆ.

ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಿಡಿಸಿ, ಡಿಕ್ಕಿಯಲ್ಲಿದ್ದ ಸಾಮಾನನ್ನೆಲ್ಲ ತೆಗೆದೆ. ನೆಲದಿಂದ ಅಳೆಯಲಿಲ್ಲ, ಟೈರಿನ ಸವೆತವೂ ಅದರಲ್ಲಿ ಸೇರಿಬಿಡುತ್ತದೆ. ಹಬ್ಬಿನ, ಅಂದರೆ ಚಕ್ರದ ನಡುಗುಂಬದ, ಮಧ್ಯದಿಂದ ನೇರ ಮೇಲಕ್ಕೆ ಫೆಂಡರಿನ (ಚಕ್ರದ ಮೇಲೆ ಕಮಾನಿನಂತಿರುವ ಬಾಡಿಯ ತಗಡಿನ) ಅಂಚಿನವರೆಗೆ ಟೇಪು ಹಿಡಿದೆ. ಮುಂದೆ ಎಡಕ್ಕೆ 352 ಮಿ.ಮೀ., ಬಲಕ್ಕೆ 370. ಹಿಂದೆ ಎಡಕ್ಕೆ 349, ಬಲಕ್ಕೆ 366. ಆಮೇಲೆ ಕಾರನ್ನು ಅದೇ ಜಾಗದಲ್ಲಿ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆದೆ. ನೆಲ ಓರೆಯಿದ್ದರೆ ಲೆಕ್ಕ ಅದಲುಬದಲಾಗಬೇಕಿತ್ತು, ಆಗಲಿಲ್ಲ. ಫೆಂಡರು ಎಂದೋ ಗುದ್ದಿಸಿಕೊಂಡು ರಿಪೇರಿಯಾದ ಕಾರಾದರೆ ಅದರ ಅಂಚನ್ನೂ ನಂಬುವ ಹಾಗಿಲ್ಲ, ಬಾಡಿಯ ಕೆಳಗಿನ ಜಾಕ್ ಪಾಯಿಂಟುಗಳನ್ನು ಹಿಡಿದು ತಾಳೆ ನೋಡಬೇಕು.

ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ವಾಲು ಇದ್ದದ್ದು ನನ್ನ ಯೋಚನೆಯನ್ನೇ ತಿರುಗಿಸಿತು. ಕಾರಿನ ಬಾಡಿ ಬಿಗಿಯಾದ ಪೆಟ್ಟಿಗೆಯಂತೆ. ಒಂದು ಮೂಲೆ ಕುಸಿದರೆ ಇಡೀ ಪೆಟ್ಟಿಗೆ ಓರೆಯಾಗುತ್ತದೆ, ಹಿಂದಿನ ದೋಷ ಮುಂದೆ ಕಾಣಿಸುತ್ತದೆ. ಎರಡನ್ನೂ ಬಿಡಿಸಿ ನೋಡಲು ಒಂದು ದಾರಿಯಿದೆ. ನನ್ನ ಕಾರಿನ ಹಿಂಭಾಗದಲ್ಲಿ, ಬಾಡಿಯ ನಟ್ಟನಡುವೆ ಜಾಕ್ ಕೊಡುವ ಗಟ್ಟಿ ಜಾಗವಿದೆ. (ಎಲ್ಲ ಕಾರಿನಲ್ಲೂ ಇರುವುದಿಲ್ಲ, ಮ್ಯಾನ್ಯುವಲ್ ನೋಡಿಯೇ ಕೊಡಬೇಕು.) ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಹಿಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿದೆ. ಆಗ ಬಾಡಿಯ ಓರೆಯನ್ನು ನಿರ್ಧರಿಸುವುದು ಮುಂದಿನ ಸಸ್ಪೆನ್ಷನ್ ಒಂದೇ. ಹೀಗೆ ಎತ್ತಿದಾಗ ಕಾರಿನಡಿ ಕೈಕಾಲು ಚಾಚಲೇಬಾರದು, ದೂರದಿಂದ ಟೇಪು ಹಿಡಿದರೆ ಸಾಕು. ಮುಂದೆ ಎಡಬಲಕ್ಕೆ 18 ಮಿ.ಮೀ. ಇದ್ದ ವ್ಯತ್ಯಾಸ 11ಕ್ಕೆ ಇಳಿಯಿತು. ಪೂರ್ತಿ ಹೋಗಿದ್ದರೆ ದೋಷವೆಲ್ಲ ಹಿಂದಿನದು, ಕಡಿಮೆಯೇ ಆಗದಿದ್ದರೆ ಮುಂದಿನದು. ನನ್ನ ಕಾರಿನಲ್ಲಿ ಎರಡೂ ಕಡೆ ಏನೋ ಇತ್ತು.

ಹಿಂದಿನದು ಬೇಗ ಸಿಕ್ಕಿತು. ಬಾಡಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆಗೆ, ಅಂದರೆ ಆಕ್ಸಲ್ ಬೀಮಿಗೆ, ಜಾಕ್ ಆಸರೆ ಕೊಟ್ಟು, ಶಾಕಿನ ಕೆಳಬೋಲ್ಟು ಬಿಚ್ಚಿ ಬೀಮನ್ನು ನಿಧಾನ ಇಳಿಸಿದೆ. ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ಒಂದು ಕಣ್ಣು ಅಲ್ಲೇ ಇಟ್ಟಿದ್ದೆ. ಎಡ ಸ್ಪ್ರಿಂಗ್ ಕೈಗೆ ಬಂದಾಗ ಅದರ ಕೆಳಗಿನ ಸುತ್ತು ಮೊಟುಕಾಗಿತ್ತು. ಕೂರುವ ಬಟ್ಟಲಿನಲ್ಲಿ ತುಂಬಿದ್ದ ಮಣ್ಣು ಕೆದಕಿದರೆ ಬಳೆ ಚೂರಿನಂತೆ ಬಾಗಿದ ಉಕ್ಕಿನ ತುಂಡೊಂದು ಮಲಗಿತ್ತು. ಮುರಿದ ಮುಖದ ಮೇಲೆ ಹೊಳಪಿಲ್ಲ, ಒಂದೇ ಸಮನೆ ಕಂದು ತುಕ್ಕು. ಅಂದರೆ ಮುರಿದು ಬಹಳ ದಿನವಾಗಿತ್ತು. ನೀರು ನಿಲ್ಲುವ ಆ ಜಾಗದಲ್ಲಿ ಬಣ್ಣ ಎದ್ದು, ತುಕ್ಕು ಹಿಡಿದು, ಅಲ್ಲಿಂದಲೇ ಸ್ಪ್ರಿಂಗ್ ಬಿರುಕು ಬಿಡುತ್ತದೆ. ಹೊರಗಿನಿಂದ ಬಗ್ಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡೂ ಕಡೆಗೆ ಹೊಸ ಸ್ಪ್ರಿಂಗ್, ಹೊಸ ರಬ್ಬರ್ ಪ್ಯಾಡ್ ಹಾಕಿ, ಸ್ಪ್ರಿಂಗಿನ ತುದಿ ಬಟ್ಟಲಿನ ಗುರುತಿಗೆ ಸರಿಯಾಗಿ ಕೂತಿದೆಯೇ ಅಂತ ಬೆರಳಾಡಿಸಿ ನೋಡಿದೆ. ಕೆಳಗಿಳಿಸಿ, ಕಾರನ್ನು ನಾಲ್ಕಾರು ಮೀಟರ್ ಹಿಂದೆ ಮುಂದೆ ಓಡಿಸಿ ಅಳೆದೆ. ಹಾಗೆ ಓಡಿಸದಿದ್ದರೆ ಟೈರುಗಳು ನೆಲ ಕಚ್ಚಿಕೊಂಡು ಕಾರು ಸುಳ್ಳು ಎತ್ತರದಲ್ಲೇ ನಿಂತಿರುತ್ತದೆ. ಮುಂದೆ 8 ಮಿ.ಮೀ., ಹಿಂದೆ 6 ಉಳಿದಿತ್ತು.

ಮುಂದಿನ ದೋಷ ನಾನು ನೋಡುತ್ತಿದ್ದ ಎಡಗಡೆಯಲ್ಲಿ ಇರಲೇ ಇಲ್ಲ. ಹಿಂದೊಮ್ಮೆ ಬಲಗಡೆಯ ಲೋವರ್ ಆರ್ಮ್, ಅಂದರೆ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಬದಲಾಯಿಸಿದ್ದರು. ಅದರ ಬುಷ್ಷಿನ (ತೋಳು ತಿರುಗುವ ಕೀಲಿನಲ್ಲಿರುವ ರಬ್ಬರ್ ಜೋಡಣೆಯ) ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದಿದ್ದರು. ಬುಷ್ಷಿನ ರಬ್ಬರು ಒಳಗಿನ, ಹೊರಗಿನ ಎರಡೂ ಕೊಳವೆಗೆ ಅಂಟಿಕೊಂಡಿರುತ್ತದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದಾಗ ಬಿಗಿದರೆ, ಕಾರು ಕೆಳಗಿಳಿದ ಮೇಲೆ ಆ ತಿರುಚು ಆರ್ಮನ್ನು ಕೆಳಕ್ಕೂ ಬಾಡಿಯನ್ನು ಮೇಲಕ್ಕೂ ಒತ್ತುತ್ತಲೇ ಇರುತ್ತದೆ. ಎಡ ತಗ್ಗಾಗಿರಲಿಲ್ಲ, ಬಲವೇ ಎದ್ದು ನಿಂತಿತ್ತು. ಮುಂದಿನ ಚಕ್ರಗಳನ್ನು ರ‍್ಯಾಂಪಿಗೆ ಹತ್ತಿಸಿ, ಹಿಂದಿನವಕ್ಕೆ ಅಡೆ ಕೊಟ್ಟು, ಭಾರವೆಲ್ಲ ಚಕ್ರದ ಮೇಲೇ ಇರುವಾಗ ಎರಡೂ ಕಡೆಯ ಆರ್ಮ್ ಬೋಲ್ಟುಗಳನ್ನು ಸಡಿಲಿಸಿದೆ. ಬಲಗಡೆಯದು ಅರ್ಧ ಸುತ್ತು ಬಿಡುತ್ತಿದ್ದಂತೆ 'ಕಟ್' ಅಂತ ಸದ್ದಾಗಿ ಆ ಮೂಲೆ ಕಣ್ಣೆದುರೇ ಕೆಳಗೆ ಕೂತಿತು. ಬಾನೆಟ್ ಒತ್ತಿ ಒತ್ತಿ ಕುಣಿಸಿ, ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುವಲ್ ಹೇಳಿದಷ್ಟು ಬಿಗಿದೆ. ಹಿಂದಿನ ಬೀಮಿನ ಬುಷ್ಷುಗಳಿಗೂ ಹೀಗೇ ಮಾಡಿದೆ.

ಈಗ ಮುಂದೆ ವ್ಯತ್ಯಾಸ 3 ಮಿ.ಮೀ., ಹಿಂದೆ 2. ಹೊಸ ಕಾರಿನಲ್ಲೂ ಇಷ್ಟು ಇರುತ್ತದೆ, ಇದರ ಬೆನ್ನು ಹತ್ತುವುದಿಲ್ಲ. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ, ಅದಕ್ಕೆ ಅಲೈನ್‌ಮೆಂಟ್ ಮಾಡಿಸಿದೆ. ನನ್ನ ಕಾರಿನಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವ್ ಇದೆ, ಅದರ ಸರಳು ಆಕ್ಸಲ್ಲಿಗೆ ಕಟ್ಟಿರುತ್ತದೆ. ಹಿಂಭಾಗ ಎತ್ತರವಾದರೆ ವಾಲ್ವ್ ಭಾರ ಕಮ್ಮಿಯಾಯಿತು ಎಂದು ತಿಳಿದು ಹಿಂದಿನ ಬ್ರೇಕನ್ನು ಸಡಿಲ ಬಿಡುತ್ತದೆ. ಅದನ್ನೂ ಮ್ಯಾನ್ಯುವಲ್ಲಿನ ಅಳತೆಗೆ ಹೊಂದಿಸಿದೆ. ಕೊನೆಗೆ, ಕತ್ತಲಾದ ಮೇಲೆ ಕಾರನ್ನು ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟಿನ ಬೆಳಕು ಸರಿಮಾಡಿಕೊಂಡೆ.