ಆಂಟಿವೈರಸ್ ತಾನಾಗಿ ಆಫ್ ಆಗುತ್ತಿದೆಯಾ? ಆಫ್ ಮಾಡಿದ್ದು ಯಾರು ಅಂತ ಮೊದಲು ಹುಡುಕಿ

ಬೆಳಿಗ್ಗೆ ಆನ್ ಮಾಡಿಟ್ಟ ಆಂಟಿವೈರಸ್ ಸಂಜೆ ನೋಡಿದರೆ ಆಫ್. ಮತ್ತೆ ಆನ್ ಮಾಡುತ್ತೀರಿ, ಮರುದಿನ ಮತ್ತೆ ಅದೇ ಕಥೆ. ತೀರ್ಥಹಳ್ಳಿಯ ನನ್ನ ರಿಪೇರಿ ಅಂಗಡಿಗೆ ಈ ದೂರು ತರುವವರಿಗೆ ನಾನು ಹೇಳುವುದು ಒಂದೇ ಮಾತು: ಮತ್ತೆ ಮತ್ತೆ ಆನ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡುತ್ತಿರುವುದು ಯಾರು ಅಂತ ಮೊದಲು ನೋಡೋಣ. ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಸುಮ್ನೆ ಆಫ್ ಆಗಿ ಕೂರುವುದಿಲ್ಲ. ನೀವೇ ರಿಯಲ್ ಟೈಮ್ ಪ್ರೊಟೆಕ್ಷನ್, ಅಂದರೆ ಅದು ಸದಾ ಕಾವಲಿರುವ ಸೌಲಭ್ಯ, ಆಫ್ ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ಆನ್ ಆಗುತ್ತದೆ. ಆಫ್ ಆಗಿಯೇ ಉಳಿದಿದೆ ಅಂದರೆ ಏನೋ ಒಂದು ಅದನ್ನು ತಡೆದು ಹಿಡಿದಿದೆ.

ಜಾಸ್ತಿ ಸಲ ಹಾಗೆ ತಡೆಯುವುದು ಇನ್ನೊಂದು ಆಂಟಿವೈರಸ್. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಇರಬಹುದು, ಮನೆಯ ಹುಡುಗರು ಯಾವಾಗಲೋ ಹಾಕಿದ್ದಿರಬಹುದು. ಬೇರೆ ಆಂಟಿವೈರಸ್ ಬಂತು ಅಂದರೆ ಡಿಫೆಂಡರ್ ತಾನೇ ಬದಿಗೆ ಸರಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಎರಡೂ ಒಟ್ಟಿಗೆ ಓಡಿದರೆ ಕಂಪ್ಯೂಟರ್ ತೆವಳುತ್ತದೆ. ಆದರೆ ಟ್ರಯಲ್ ಅವಧಿ ಮುಗಿದ ಮೇಲೂ ಅದು ಜಾಗ ಬಿಡದೆ ಕೂತರೆ ಕಾಯುವವರೇ ಇಲ್ಲದ ಹಾಗಾಗುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆಯಿರಿ, ಕೆಳಗಿರುವ ಸೆಟ್ಟಿಂಗ್ಸ್‌ಗೆ ಹೋಗಿ 'ಮ್ಯಾನೇಜ್ ಪ್ರೊವೈಡರ್ಸ್' ಒತ್ತಿ. ಆಂಟಿವೈರಸ್ ಅನ್ನುವ ಕಡೆ ಯಾರ್‍ಯಾರ ಹೆಸರು ಇದೆ ಅಂತ ಅಲ್ಲೇ ಕಾಣುತ್ತದೆ. ಬೇಡವಾದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಆಮೇಲೂ ಹೆಸರು ಹೋಗಲಿಲ್ಲ ಅಂದರೆ ಆ ಆಂಟಿವೈರಸ್ ಕಂಪನಿಯದೇ ವೆಬ್‌ಸೈಟಿನಲ್ಲಿ ರಿಮೂವಲ್ ಟೂಲ್ ಹುಡುಕಿ. ಬೇರೆ ಎಲ್ಲಿಂದಲೂ ಅದನ್ನು ಇಳಿಸಿಕೊಳ್ಳಬೇಡಿ.

ಇನ್ನೊಂದು ಕಾರಣ ನಮ್ಮ ಕಡೆಯ ಡೆಸ್ಕ್‌ಟಾಪ್‌ಗಳಲ್ಲಿ ಎದ್ದು ಕಾಣುತ್ತದೆ. ಗುಡುಗು ಶುರುವಾದರೆ ನಾವೆಲ್ಲ ಪ್ಲಗ್ ಕಿತ್ತಿಡುತ್ತೇವೆ, ಕಿತ್ತಿಡಲೇಬೇಕು. ಆದರೆ ಪ್ಲಗ್ ಕಿತ್ತ ಮೇಲೆ ಒಳಗಿನ ಗಡಿಯಾರ ಓಡುವುದು ಮದರ್‌ಬೋರ್ಡಿನಲ್ಲಿರುವ ಬಟನ್ ಸೆಲ್ ಬಲದಿಂದ ಮಾತ್ರ. ಮಳೆಗಾಲವಿಡೀ ಹೀಗೇ ಇಟ್ಟರೆ ಹಳೇ ಸೆಲ್ ಬೇಗ ಸೋಲುತ್ತದೆ. ಆಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ತಾರೀಖು ತಪ್ಪಿದರೆ ಸುರಕ್ಷಿತ ವೆಬ್‌ಸೈಟುಗಳು ತೆರೆಯುವುದಿಲ್ಲ, ವೈರಸ್ ಪಟ್ಟಿ ಅಪ್‌ಡೇಟ್ ಆಗುವುದಿಲ್ಲ, ದುಡ್ಡು ಕೊಟ್ಟು ತಂದ ಆಂಟಿವೈರಸ್‌ನ ಲೈಸೆನ್ಸ್ ಲೆಕ್ಕವೂ ಕೆಡುತ್ತದೆ. ಮೂಲೆಯ ಗಡಿಯಾರ ಒಮ್ಮೆ ನೋಡಿ. ಪ್ರತಿ ಸಲ ತಪ್ಪು ತೋರಿಸುತ್ತಿದ್ದರೆ ಸೆಲ್ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್‌ನದು. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಇವೆರಡೂ ಅಲ್ಲ ಅಂದರೆ ಲಾಗ್, ಅಂದರೆ ಏನೇನು ನಡೆಯಿತು ಅಂತ ವಿಂಡೋಸ್ ಬರೆದಿಡುವ ದಾಖಲೆ, ಓದಬೇಕು. ನನಗೆ ತುಂಬಾ ನಂಬಿಕೆ ಇರುವುದು ಇದರ ಮೇಲೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ಎಡಗಡೆ ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಕೊನೆಗೆ ಆಪರೇಷನಲ್. ಇಲ್ಲಿ 5001 ಅನ್ನುವ ನಂಬರ್ ಇದ್ದರೆ ಆ ಹೊತ್ತಿಗೆ ರಿಯಲ್ ಟೈಮ್ ಪ್ರೊಟೆಕ್ಷನ್ ಆಫ್ ಆಯಿತು ಅಂತ ಅರ್ಥ. 5007 ಅಂದರೆ ಸೆಟ್ಟಿಂಗ್ ಬದಲಾಯಿತು. ಅದನ್ನು ಒತ್ತಿದರೆ ಸೆಟ್ಟಿಂಗ್ ಮೊದಲು ಏನಿತ್ತು (ಓಲ್ಡ್ ವ್ಯಾಲ್ಯೂ), ಈಗ ಏನಾಯಿತು (ನ್ಯೂ ವ್ಯಾಲ್ಯೂ) ಎರಡೂ ಸಾಲಾಗಿ ಕಾಣುತ್ತವೆ. ಗಂಟೆ, ನಿಮಿಷ ಕೂಡ ಇರುತ್ತದೆ. ಆ ಹೊತ್ತಿನಲ್ಲಿ ಏನು ಇನ್‌ಸ್ಟಾಲ್ ಮಾಡಿದಿರಿ, ಯಾರ ಪೆನ್‌ಡ್ರೈವ್ ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಡಿಕೆ ವ್ಯಾಪಾರಿಯೊಬ್ಬರ ಕಂಪ್ಯೂಟರಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ರಾಶಿ, ಬೆಟ್ಟೆ, ಗೊರಬಲಿನ ಲೆಕ್ಕ, ಬ್ಯಾಂಕ್ ವ್ಯವಹಾರ ಎಲ್ಲ ಅದರಲ್ಲೇ. 5007ರ ನ್ಯೂ ವ್ಯಾಲ್ಯೂನಲ್ಲಿ 'ಎಕ್ಸ್‌ಕ್ಲೂಷನ್ಸ್' ಅನ್ನುವ ಮಾತು, ಅದರ ತುದಿಗೆ ಸಿ ಡ್ರೈವ್. ಅಂದರೆ ಇಡೀ ಸಿ ಡ್ರೈವ್ ನೋಡಬೇಡ ಅಂತ ಯಾವುದೋ ಪ್ರೋಗ್ರಾಂ ಡಿಫೆಂಡರ್‌ಗೆ ಹೇಳಿಬಿಟ್ಟಿದೆ. ಸ್ವಲ್ಪ ಕೆಳಗೇ 5001. ಆ ಸಂಜೆ ಅವರ ಪರಿಚಯದ ಹುಡುಗನೊಬ್ಬ ಬಂದು ಆಫೀಸ್ ಸಾಫ್ಟ್‌ವೇರ್‌ಗೆ ಕ್ರ್ಯಾಕ್ (ದುಡ್ಡು ಕೊಡದೆ ಕಳ್ಳದಾರಿಯಲ್ಲಿ ಓಡಿಸುವ ಪ್ರೋಗ್ರಾಂ) ಹಾಕಿಕೊಟ್ಟಿದ್ದ. ಪುಕ್ಕಟೆ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತ ಕೇಳುವ ಯಾವ ಕ್ರ್ಯಾಕ್, ಆ್ಯಕ್ಟಿವೇಟರ್ ಕೂಡ ನಿಮ್ಮ ಕಂಪ್ಯೂಟರಿಗೆ ಬೇಡ ಮಾರಾಯ್ರೇ. ಕಾಗದ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್ ಇದೆ. ಅದು ನಿಜವಾಗಿಯೂ ಪುಕ್ಕಟೆ.

ನಿಮ್ಮಲ್ಲೂ ಹೀಗೆ ಕಂಡರೆ ಮೊದಲು ಆ ಕ್ರ್ಯಾಕ್ ಪ್ರೋಗ್ರಾಂ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಅದರ ತಳದಲ್ಲಿ ಎಕ್ಸ್‌ಕ್ಲೂಷನ್ಸ್ ಇದೆ. ನೀವು ಸೇರಿಸದ ಹೆಸರುಗಳನ್ನೆಲ್ಲ ಅಳಿಸಿ. ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸ್ಕ್ಯಾನ್ ನಡೆಯುತ್ತದೆ. ಹಾಗಾಗಿ ವೈರಸ್‌ಗೆ ಅಡಗಲು ಕಷ್ಟ. ಸುಮಾರು 15 ನಿಮಿಷ ಬೇಕು. ಜುಲೈ ತಿಂಗಳ ಕರೆಂಟನ್ನು ನಂಬಿ ಇದನ್ನು ಶುರು ಮಾಡಬೇಡಿ. ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ. ಸಿಕ್ಕಿದ್ದೇನು ಅಂತ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಕಾಣುತ್ತದೆ. ಏನಾದರೂ ಸಿಕ್ಕಿದ್ದರೆ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಅದೇ ದಿನ ಬದಲಿಸಿ. ಆದರೆ ಆ ಕಂಪ್ಯೂಟರಿನಿಂದ ಬೇಡ, ಫೋನಿನಿಂದ ಮಾಡಿ.

ಸ್ವಿಚ್ ಮಂಕಾಗಿದ್ದು, ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ಕೈಯಲ್ಲಿದೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ? ಆಫೀಸಿನ ಕಂಪ್ಯೂಟರ್ ಆದರೆ ಅಲ್ಲಿಯ ಕಂಪ್ಯೂಟರ್ ವಿಭಾಗದವರನ್ನೇ ಕೇಳಿ, ಕೈ ಹಾಕಬೇಡಿ. ಮನೆಯದಾದರೆ ಅಡ್ಮಿನಿಸ್ಟ್ರೇಟರ್ ನೀವೇ ಅಲ್ವಾ? ಅಂದರೆ ಯಾವುದೋ ಪ್ರೋಗ್ರಾಂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪಾಲಿಸಿ, ಅಂದರೆ ಒಂದು ಕಟ್ಟಪ್ಪಣೆ, ಬರೆದಿಟ್ಟಿದೆ. ಸ್ಕ್ಯಾನ್ ಮುಗಿದ ಮೇಲೆ ರಿಜಿಸ್ಟ್ರಿ ಎಡಿಟರ್ ತೆರೆದು ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್ ತನಕ ಹೋಗಿ. ಮೊದಲು ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಅಲ್ಲಿ 'ಡಿಸೇಬಲ್' ಅಂತ ಹೆಸರು ಶುರುವಾಗುವ ಸಾಲುಗಳನ್ನು (ವ್ಯಾಲ್ಯೂ) ಅಳಿಸಿ ರೀಸ್ಟಾರ್ಟ್ ಮಾಡಿ. ಕೊನೆಗೆ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ. ಬೇರೆ ಪ್ರೋಗ್ರಾಂಗಳು ಡಿಫೆಂಡರ್ ಸೆಟ್ಟಿಂಗ್ ಮುಟ್ಟದ ಹಾಗೆ ತಡೆಯಲೆಂದೇ 2019ರಲ್ಲಿ ಬಂದ ಸೌಲಭ್ಯ ಅದು. ಅದು ಆನ್ ಇರುವಾಗ ಮತ್ತೆ ಯಾರಾದರೂ ಕೈ ಹಾಕಿದರೆ ಲಾಗ್‌ನಲ್ಲಿ 5013 ಅಂತ ಬೀಳುತ್ತದೆ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಹಾಗಂತ ವಿಂಡೋಸ್‌ನ ತೂತುಗಳನ್ನು ಆ ಪಟ್ಟಿ ಮುಚ್ಚುವುದಿಲ್ಲ. 11 ಹಾಕಲು ಬರುವ ಕಂಪ್ಯೂಟರ್ ಆದರೆ ತಡ ಮಾಡಬೇಡಿ.

ಎಲ್ಲ ಮಾಡಿದ ಮೇಲೂ 5001 ಬರುತ್ತಲೇ ಇದ್ದರೆ ಆ ವಿಂಡೋಸ್ ಜೊತೆ ಇನ್ನು ಗುದ್ದಾಡಬೇಡಿ. ಫೋಟೋ, ಪಹಣಿ ಸ್ಕ್ಯಾನ್, ಲೆಕ್ಕದ ಫೈಲುಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ, ಪ್ರೋಗ್ರಾಂ ಫೈಲುಗಳನ್ನು ತರಬೇಡಿ. ನಂತರ 'ರೀಸೆಟ್ ದಿಸ್ ಪಿಸಿ' ಕೊಟ್ಟು, 'ರಿಮೂವ್ ಎವೆರಿಥಿಂಗ್', 'ಕ್ಲೌಡ್ ಡೌನ್‌ಲೋಡ್' ಆರಿಸಿ. ಇದಕ್ಕೆ 4 ಜಿಬಿಗಿಂತ ಜಾಸ್ತಿ ಡೇಟಾ ಬೇಕಾಗಬಹುದು. ಆಗುಂಬೆ, ಮೇಗರವಳ್ಳಿ ಕಡೆ ನೆಟ್‌ವರ್ಕ್ ಸಿಗದ ಮನೆಯವರು ಕಂಪ್ಯೂಟರನ್ನೇ ಪೇಟೆಗೆ ತಂದು, ಒಳ್ಳೆಯ ವೈಫೈ ಇರುವ ಕಡೆ ಈ ಕೆಲಸ ಮುಗಿಸಿಕೊಂಡು ಹೋಗಿ.