ಪಾಳು ಆಸ್ಪತ್ರೆಯ ಒಳಗೆ: ಕಿಟಕಿಯ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಪಾಳುಬಿದ್ದ ಕಟ್ಟಡ ಕಂಡರೆ ಸಾಕು, ನಮ್ಮ ಹುಡುಗರು ಅದನ್ನು ಭೂತ ಬಂಗಲೆ ಮಾಡಿಬಿಡುತ್ತಾರೆ. ಕಿಟಕಿ ಪೂರ್ತಿ ಬಿಳಿ, ಮೂಲೆ ಪೂರ್ತಿ ಕಪ್ಪು, ಮೇಲೊಂದು ಹಸಿರು ಫಿಲ್ಟರ್. ಕೊಡಗಿನ ಸೋಮವಾರಪೇಟೆ, ಸಿದ್ದಾಪುರ ಕಡೆಯ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ತೆಗೆದ ಇಂಥ ಫೋಟೊ ನೋಡಿ ನೋಡಿ ಬೇಸರ ಬಂದಿದೆ.

ಎಲ್ಲರೂ ಅನುಕರಿಸುವುದು ವಿದೇಶದ ಪಾಳು ಮಾನಸಿಕ ಆಸ್ಪತ್ರೆಗಳ ಫೋಟೊಗಳನ್ನು. ಆದರೆ ಆ ಕಟ್ಟಡಗಳ ಕಥೆಯೇ ಬೇರೆ. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಇಂಥ ಎಷ್ಟೋ ಆಸ್ಪತ್ರೆಗಳನ್ನು ಕಟ್ಟಿದ್ದು ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯರ ಯೋಜನೆಯಂತೆ. ಪ್ರತಿ ವಾರ್ಡಿಗೂ ಬಿಸಿಲು, ಗಾಳಿ ಬರಲಿ ಎಂದು ಒಂದೊಂದು ಭಾಗವನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟುತ್ತಿದ್ದರು. ಬೆಳಕಿನಿಂದ ರೋಗಿಗೆ ಗುಣವಾಗುತ್ತದೆ ಎಂದು ನಂಬಿದ್ದರು. ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಆಸ್ಪತ್ರೆ ಹಾಗೆ ಕಟ್ಟಿದ್ದೇ. 1878ರಲ್ಲಿ ಶುರುವಾಗಿ 1992ರಲ್ಲಿ ಮುಚ್ಚಿತು. 2006ರಲ್ಲಿ ಬಹುಪಾಲು ಕೆಡವಿದರು. ಅಂಥ ಜಾಗದ ಫೋಟೊದಲ್ಲಿ ಕಿಟಕಿಯೇ ಸುಟ್ಟು ಬಿಳಿಯಾದರೆ ಏನು ಉಳಿಯಿತು, ಅಲ್ವಾ?

ವಿದೇಶದ ಅಂಥ ಜಾಗಕ್ಕೆ ಹೋಗುವ ಮುಂಚೆ ಇಲ್ಲೇ ಕೈ ಪಳಗಲಿ. ಮುಚ್ಚಿದ ಎಸ್ಟೇಟ್ ದವಾಖಾನೆ, ಬಂಗಲೆ ಯಾವುದಾದರೂ ಸರಿ. ಎತ್ತರದ ಕಿಟಕಿ, ಉದುರುವ ಗಾರೆ, ಪಾಚಿ ಹಿಡಿದ ಗೋಡೆ ಎಲ್ಲವೂ ಸಿಗುತ್ತವೆ.

ಮೊದಲು ಅನುಮತಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಪರಿಚಯ ಇದ್ದರೆ ಸಾಲದು, ಮಾಲೀಕರಿಂದ ಬರಹದಲ್ಲೇ ತೆಗೆದುಕೊಳ್ಳಿ. ಅತಿಕ್ರಮ ಪ್ರವೇಶ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅಪರಾಧ. ರೈಟರ್ ಹತ್ತಿರ ಕೇಳಬೇಕಾದ್ದು ಬೇರೆ: ಇವತ್ತು ಆನೆ ಯಾವ ಕಡೆ ಇದೆ?

ಮಳೆಗಾಲ ಬೇಡವೇ ಬೇಡ. ಜನವರಿ, ಫೆಬ್ರವರಿ ಒಳ್ಳೆಯದು. ಮಂಜು ಕವಿದ ಬೆಳಿಗ್ಗೆ ಸಿಕ್ಕರೆ ಬಿಡಬೇಡಿ, ಕಿಟಕಿಗೆ ತೆಳು ಪಂಚೆ ಕಟ್ಟಿದ ಹಾಗೆ ಬೆಳಕು ಮೆತ್ತಗಾಗುತ್ತದೆ.

ಒಬ್ಬರೇ ಹೋಗಬೇಡಿ. ಗೆದ್ದಲು ತಿಂದ ಮರದ ಮಹಡಿ ಹತ್ತಬೇಡಿ. ಬಾವಲಿ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಶಿಲೀಂಧ್ರ ಇರಬಹುದು, ಹಳೇ ಬಣ್ಣದ ಚಕ್ಕೆಯಲ್ಲಿ ಸೀಸ ಇರಬಹುದು. ಎನ್-95 ಮಾಸ್ಕ್ ಹಾಕಿ. ಕರ್ಚೀಫು ಕಟ್ಟಿಕೊಳ್ಳುವುದು ಸುಮ್ನೆ ಸಮಾಧಾನಕ್ಕೆ ಅಷ್ಟೇ.

ಈಗ ಎಲ್ಲರೂ ಎಡವುವ ಜಾಗ: ಕಿಟಕಿ ಮತ್ತು ಕೋಣೆ. ಎರಡೂ ಒಂದೇ ಫೋಟೊದಲ್ಲಿ ಸರಿಯಾಗಿ ಸಿಗುವುದಿಲ್ಲ, ಒಂದೇ ಜಾಗದಿಂದ ಹಲವು ಫೋಟೊ ತೆಗೆದು ಆಮೇಲೆ ಜೋಡಿಸಬೇಕು. ಟ್ರೈಪಾಡ್ ಇಲ್ಲದೆ ಇದು ಆಗುವುದಿಲ್ಲ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಕಾಲಿನವು ಶಟರ್ ಒತ್ತಿದರೇ ಅಲ್ಲಾಡುತ್ತವೆ, ಆ ದುಡ್ಡು ಉಳಿಸಿ. ಕ್ಯಾಮೆರಾ ಎದೆಮಟ್ಟಕ್ಕೆ, ನೆಲಕ್ಕೆ ಸಮವಾಗಿ ಇರಲಿ. ಇಲ್ಲದಿದ್ದರೆ ಗೋಡೆಗಳು ವಾಲುತ್ತವೆ. ಮ್ಯಾನುಯಲ್ ಮೋಡ್, ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಫೋಕಸ್ ಒಮ್ಮೆ ಮಾಡಿ ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಕೂಡ ಆಟೋದಲ್ಲಿ ಬಿಡಬೇಡಿ.

ಮೊದಲು ಕಿಟಕಿಯ ಬೆಳಕನ್ನಷ್ಟೇ ಅಳೆಯಿರಿ. ಹೊರಗಿನ ಸಿಲ್ವರ್ ಓಕ್ ಎಲೆಗಳು ಬಿಡಿಬಿಡಿಯಾಗಿ ಕಾಣುವ ಶಟರ್ ವೇಗ (ಬೆಳಕು ಒಳಬಿಡುವ ಹೊತ್ತು) ಯಾವುದು? 1/250 ಸೆಕೆಂಡ್ ಅಂತಿಟ್ಟುಕೊಳ್ಳಿ. ಆಮೇಲೆ ಕತ್ತಲ ಮೂಲೆ. ಅಲ್ಲಿ ತುಕ್ಕು ಹಿಡಿದ ಮಂಚದ ಕಾಲು ಕಾಣಲು 4 ಸೆಕೆಂಡ್ ಬೇಕು. ಈ ಎರಡರ ನಡುವೆ ಸುಮಾರು 10 ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಎರಡೆರಡು ಸ್ಟಾಪ್ ಬಿಟ್ಟು ತೆಗೆದರೆ 1/250, 1/60, 1/15, 1/4, 1, 4: ಒಟ್ಟು ಆರು ಫೋಟೊ. ಕ್ಯಾಮೆರಾ ತಾನೇ ಬೇರೆ ಬೇರೆ ಬೆಳಕಿನಲ್ಲಿ ತೆಗೆಯುವ ಆಟೋ ಬ್ರಾಕೆಟಿಂಗ್‌ನ ಮೂರು ಫೋಟೊ ನಂಬಿಕೊಂಡರೆ ಬಹಳ ಸಲ ಒಂದು ತುದಿ ಕೈಕೊಡುತ್ತದೆ. ಎರಡು ಸೆಕೆಂಡ್ ಟೈಮರ್ ಇಡಿ. ಟ್ರೈಪಾಡ್ ಮುಟ್ಟಬೇಡಿ. ಮರದ ನೆಲವಾದರೆ ಜೊತೆಗಿದ್ದವರೂ ಅಲುಗಾಡದೆ ನಿಲ್ಲಲಿ.

ಜೋಡಿಸುವಾಗ ಫೋಟೊಗಳನ್ನು ತಾನೇ ಬೆರೆಸಿಬಿಡುವ ಒಂದೇ ಕ್ಲಿಕ್ಕಿನ ಎಚ್‌ಡಿಆರ್ ಬಳಸಬೇಡಿ, ಕಿಟಕಿ ಚೌಕಟ್ಟಿನ ಸುತ್ತ ಪ್ರಭಾವಳಿ ಬರುತ್ತದೆ. ಕೋಣೆಯನ್ನು ನಡುವಿನ ಫೋಟೊದಿಂದ, ಕಿಟಕಿಯನ್ನು ಮಾತ್ರ ಗಾಢ ಫೋಟೊದಿಂದ (1/250ರದ್ದು) ಮಾಸ್ಕ್ ಮಾಡಿ, ಅಂದರೆ ಆ ಭಾಗವನ್ನಷ್ಟೇ ಆರಿಸಿ ತನ್ನಿ. ಕಿಟಕಿ ಯಾವತ್ತೂ ಗೋಡೆಗಿಂತ ಬೆಳ್ಳಗೇ ಇರಬೇಕು. ಮಂಚದ ಕಾಲು ಕಂಡರೂ ಮೂಲೆ ಕೋಣೆಗಿಂತ ಕತ್ತಲಾಗೇ ಇರಲಿ ಬಿಡಿ, ಅದು ಅಲ್ಲಿ ಕತ್ತಲೇ ಇತ್ತು. ಮೊಬೈಲ್ ಇದ್ದವರು ಕಿಟಕಿ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ (ಫೋಟೊದ ಬೆಳಕು) ಇಳಿಸಿ ತೆಗೆಯಿರಿ, ಅಷ್ಟೇ ಸಾಕು.

ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಚೀಲದಲ್ಲೇ ಸ್ವಲ್ಪ ಹೊತ್ತು ಬಿಡಿ. ಮನೆಯಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿ ಕಡ್ಡಾಯ, ನಮ್ಮ ಹವೆಯಲ್ಲಿ ಲೆನ್ಸಿಗೆ ಬೂಸಲು ಬರಲು ಒಂದು ಮಳೆಗಾಲ ಸಾಕು.

ಒಳಗಿನ ಯಾವ ವಸ್ತುವನ್ನೂ ಸರಿಸಬೇಡಿ. ಒಡೆದ ಗೊಂಬೆ ತಂದು ಹಾಸಿಗೆ ಮೇಲಿಡುವುದು, ಗಾಲಿಕುರ್ಚಿಯನ್ನು ಬೆಳಕಿಗೆ ಎಳೆಯುವುದು ಅಲ್ಲಿ ಇದ್ದು ನರಳಿದವರಿಗೆ ಮಾಡುವ ಅವಮಾನ. ಕೇಸ್ ಶೀಟ್, ರಿಜಿಸ್ಟರ್ ಬಿದ್ದಿದ್ದರೆ ಹೆಸರು ಕಾಣುವಂತೆ ತೆಗೆಯಲೇಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಟ್ಟಡ ಖಾಲಿಯಾದರೂ ಆ ಹೆಸರಿನ ಮನೆಯವರು ಪಕ್ಕದ ಊರಲ್ಲೇ ಇರಬಹುದು.

ಹಂಚುವ ಮುಂಚೆ ಫೈಲಿನಲ್ಲಿರುವ ಜಿಪಿಎಸ್ ಗುರುತು ಅಳಿಸಿ. ಜಾಗ ಗೊತ್ತಾದರೆ ತೇಗದ ಬಾಗಿಲು, ಹಿತ್ತಾಳೆ ಚಿಲಕ ಕಳ್ಳರ ಪಾಲಾಗುತ್ತವೆ. ಪೂರ್ತಿ ಫೈಲುಗಳ ಒಂದು ಪ್ರತಿಯನ್ನು ತೆಗೆದ ದಿನಾಂಕದ ಸಮೇತ ಮಾಲೀಕರಿಗೆ ಕೊಡಿ.